ಎಡಗಡೆಯ ಬಾಗಿಲು

ಬಿಳಿ ಕಾರಿನ ಬಲಗಡೆಯ ಬಾಗಿಲನ್ನು ತೆರೆದು ಗಂಭೀರವಾಗಿ ಕುಳಿತುಕೊಂಡೆ, ಅಬಾಯಾ ಎಂಬ ಕರಿ ನಿಲುವಂಗಿಯನ್ನು ಮೊಣಕಾಲಿನ ಕೆಳಗೆ ಸೇರಿಸಿಕೊಂಡೆ, ಬೆಲ್ಟು ಎಳೆದು ಹಾಕಿಕೊಂಡೆ, ಆಮೇಲೆ ಕೈ ಚಾಚಿದರೆ ಅಲ್ಲಿ ಸ್ಟಿಯರಿಂಗ್ ಇರಲಿಲ್ಲ. ನನ್ನ ಪಕ್ಕದಲ್ಲಿ ಕುಳಿತು ನನ್ನ ಕೈಚಳಕವನ್ನು ಅಳೆಯಬೇಕಾಗಿದ್ದ ಡ್ರೈವಿಂಗ್ ಶಾಲೆಯ ಮೇಡಂ ಅದೇ ಬಾಗಿಲಿನ ಹೊರಗೆ ಕಾಗದಗಳನ್ನು ಎದೆಗೊತ್ತಿಕೊಂಡು ನಿಂತಿದ್ದರು. 'ಇವತ್ತು ಓಡಿಸುವವರು ನೀವೋ, ನಾನೋ?' ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದಾಗಲೇ ನನಗೆ ಎಚ್ಚರವಾದದ್ದು. ಸೌದಿ ಅರೇಬಿಯಾದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ, ಡ್ರೈವರ್ ಸೀಟು ಎಡಗಡೆಗಿರುತ್ತದೆ. ಹದಿಮೂರು ವರ್ಷ ಆ ದೇಶದಲ್ಲಿದ್ದು ಪ್ರತಿದಿನವೂ ಅದನ್ನು ನೋಡಿದ್ದ ನನ್ನ ಕಣ್ಣಿಗೆ ಇದು ಗೊತ್ತಿತ್ತು, ದೇಹಕ್ಕೆ ಮಾತ್ರ ಗೊತ್ತಿರಲಿಲ್ಲ.

ಅದು 2019ರ ಫೆಬ್ರವರಿ, ಊರು ದಮ್ಮಾಮ್. ನಾನು 2001ರಲ್ಲಿ ಮಂಗಳೂರಿನಲ್ಲಿ ಮಾರುತಿ 800ರಲ್ಲಿ ಎಂಟು ಹಾಕಿ ಲೈಸೆನ್ಸ್ ಪಡೆದವಳು ಎಂಬ ಜಂಬ ಆ ಬೆಳಿಗ್ಗೆ ಮೂರು ನಿಮಿಷಗಳಲ್ಲಿ ಇಳಿದುಹೋಯಿತು. ಎಡಗಡೆಗೆ ಬಂದು ಕುಳಿತ ಮೇಲೆ ಎಡಗಾಲು ತಾನಾಗಿ ಕ್ಲಚ್ಚನ್ನು ಹುಡುಕಿತು. ಗೇರು ತಾನೇ ಬದಲಾಗುವ ಆ ಕಾರಿನಲ್ಲಿ ಕ್ಲಚ್ ಎಲ್ಲಿಂದ ಬರಬೇಕು, ಅಗಲವಾದ ಬ್ರೇಕಿನ ಮೇಲೆ ಪೂರ್ತಿ ಭಾರ ಬಿದ್ದು ಕಾರು ಮುಗ್ಗರಿಸಿ ನಿಂತಿತು. ತಿರುವಿನಲ್ಲಿ ಇಂಡಿಕೇಟರ್ ಹಾಕಲೆಂದು ಬಲಗೈಯ ಕಡ್ಡಿಯನ್ನು ಒತ್ತಿದರೆ ವೈಪರ್ ಏಳಬೇಕೇ! ಮರಳುಗಾಡಿನ ಒಣಧೂಳು ತುಂಬಿದ ಗಾಜಿನ ಮೇಲೆ ಅದು ಕರಕರನೆ ಎರಡು ಅರ್ಧವೃತ್ತಗಳನ್ನು ಬರೆಯಿತು. ಚೆನ್ನಾಗಿ ಓಡಿಸಬಲ್ಲವರಿಗೆ 6 ಗಂಟೆಯ ತರಬೇತಿ, ಅಷ್ಟಿಷ್ಟು ಬಲ್ಲವರಿಗೆ 12 ಗಂಟೆ, ಏನೂ ಬಾರದವರಿಗೆ 30 ಗಂಟೆ ಎಂದು ಅಲ್ಲಿ ಮೂರು ದರ್ಜೆಗಳಿದ್ದವು. ಮೇಡಂ ನಗುತ್ತಲೇ ನನ್ನ ಹೆಸರಿನ ಮುಂದೆ 30 ಎಂದು ಬರೆದರು.

ಇದಕ್ಕೆ ಮೊದಲು ನಡೆದದ್ದನ್ನು ಹೇಳಬೇಕು. 2017ರ ಸೆಪ್ಟೆಂಬರ್ 26ರ ರಾತ್ರಿ, ಹೆಂಗಸರಿಗೂ ವಾಹನ ಚಾಲನೆಯ ಪರವಾನಗಿ ಕೊಡಬೇಕೆಂದು ದೊರೆ ಸಲ್ಮಾನ್ ಹೊರಡಿಸಿದ ಆಜ್ಞೆಯನ್ನು ಸರಕಾರಿ ಟಿವಿಯಲ್ಲಿ ಓದಿದರು. ನಮ್ಮ ಫ್ಲ್ಯಾಟಿನ ಕೆಳಗಿನ ರಸ್ತೆಯಲ್ಲಿ ಯಾರೋ ಹುಡುಗರು ಹಾರ್ನ್ ಬಾರಿಸುತ್ತ ಹೋದರು. ಅದು ಸಂತೋಷಕ್ಕೋ ಸಿಟ್ಟಿಗೋ ತಿಳಿಯಲಿಲ್ಲ. ಬಂಟ್ವಾಳದಿಂದ ಉಮ್ಮ, ನನ್ನ ತಾಯಿ, ಮರುದಿನ ಫೋನ್ ಮಾಡಿ, 'ಅಲ್ಲಿ ಇನ್ನು ಹೆಂಗಸರು ಕಾರು ಬಿಡಬಹುದಂತೆ, ಹೌದಾ?' ಎಂದು ವಿಚಾರಿಸಿದರು. ಹೌದೆಂದೆ. 'ಹಾಗಾದರೆ ಇಷ್ಟು ದಿನ ಯಾಕೆ ಬೇಡ ಎಂದದ್ದು?' ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. 'ಇಲ್ಲಿಯ ಸಂಪ್ರದಾಯ ಹಾಗೆ' ಎಂದುಬಿಟ್ಟೆ. ಆ ಉತ್ತರ ಎಷ್ಟು ತಪ್ಪೆಂಬುದು ತಿಳಿದದ್ದು ಕಾರು ಕಲಿಯಲು ಹೋದ ಮೇಲೆ.

ನನಗೆ ಲೈಸೆನ್ಸ್ ಬೇಕಾದದ್ದು ಯಾವ ಕ್ರಾಂತಿಗೂ ಅಲ್ಲ. ನನ್ನವರು ಜುಬೈಲಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದು, ಬೆಳಿಗ್ಗೆ ಐದಕ್ಕೆ ಮನೆಬಿಟ್ಟರೆ ಮರಳುವಾಗ ಸಂಜೆ ಆರು ದಾಟುತ್ತಿತ್ತು. ಮಗಳಿಗೆ ಉಬ್ಬಸವಿತ್ತು. ಶಾಲೆಯಿಂದ ಕರೆ ಬಂದಾಗಲೆಲ್ಲ ನಾನು ಬೀದಿಗಿಳಿದು, ಗುರುತಿಲ್ಲದ ಗಂಡಸು ಓಡಿಸುವ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಒಬ್ಬಳೇ ಕುಳಿತು ಹೋಗುತ್ತಿದ್ದೆ. ಹೆಂಗಸು ಪರಪುರುಷನ ಜೊತೆ ಒಂಟಿಯಾಗಿರಬಾರದು ಎಂದು ಹೇಳುವ ವ್ಯವಸ್ಥೆಯೇ ಆಕೆಯನ್ನು ದಿನವೂ ಪರಪುರುಷನ ಕಾರಿಗೆ ಹತ್ತಿಸುತ್ತಿತ್ತು, ಇದರಲ್ಲಿ ಯಾರಿಗೂ ವಿಚಿತ್ರ ಕಾಣುತ್ತಿರಲಿಲ್ಲ. ಸಾಲದ್ದಕ್ಕೆ 2017ರ ಜುಲೈಯಿಂದ ವಿದೇಶಿ ನೌಕರರ ಕುಟುಂಬದವರಿಗೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂದಿತ್ತು. ಅದು ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ 400ಕ್ಕೆ ಮುಟ್ಟುವುದೆಂದು ಮೊದಲೇ ಹೇಳಿದ್ದರು. ನಾವು ಮೂವರು, ನಾನು ಮತ್ತು ಇಬ್ಬರು ಮಕ್ಕಳು. ವಾಸದ ಪರವಾನಗಿಯಾದ ಇಕಾಮಾದ ನವೀಕರಣಕ್ಕೆ ಹೋದಾಗ ವರ್ಷದ ದುಡ್ಡನ್ನು ಒಟ್ಟಿಗೆ ಕಟ್ಟಬೇಕು. ನಮ್ಮ ಕಟ್ಟಡದಲ್ಲಿದ್ದ ಉಡುಪಿ, ಭಟ್ಕಳ, ಕಾಸರಗೋಡಿನ ಕುಟುಂಬಗಳು ಒಂದೊಂದಾಗಿ ಪೆಟ್ಟಿಗೆ ಕಟ್ಟಿ ಹೊರಟವು. ಉಳಿಯಬೇಕಾದರೆ ಎಲ್ಲಿಯಾದರೂ ಖರ್ಚು ಇಳಿಯಬೇಕಿತ್ತು, ಅದು ಟ್ಯಾಕ್ಸಿಯಿಂದಲೇ ಶುರುವಾಗಲಿ ಎಂದುಕೊಂಡೆವು.

ನಿಷೇಧ ಅಧಿಕೃತವಾಗಿ ತೆರವಾದದ್ದು 2018ರ ಜೂನ್ 24ಕ್ಕೆ. ನಾನು ಆಗಸ್ಟಿನಲ್ಲಿ ಹೆಸರು ಬರೆಸಿದೆ. ಪೂರ್ವ ಪ್ರಾಂತ್ಯದಲ್ಲಿ ಹೆಂಗಸರ ಶಾಲೆಗಳು ಬೆರಳೆಣಿಕೆಯಷ್ಟು, ಕಾಯುವವರೋ ಸಾವಿರಾರು ಮಂದಿ. ನನ್ನ ಸರದಿ ಬರಲು ಆರು ತಿಂಗಳು ಹಿಡಿಯಿತು. ಶುಲ್ಕ ಎರಡು ಸಾವಿರ ರಿಯಾಲ್ ಮೀರಿತ್ತು. ಗಂಡಸರು ಕಲಿಯಲು ಕೊಡುತ್ತಿದ್ದ ದುಡ್ಡಿಗಿಂತ ಅದು ಹಲವು ಪಟ್ಟು ಹೆಚ್ಚು. ಹೆಂಗಸರ ಶಾಲೆಯಲ್ಲಿ ಸಿಮ್ಯುಲೇಟರ್ ಇದೆ, ಹೊಸ ಕಾರುಗಳಿವೆ ಎಂದು ಸಮಾಧಾನ ಹೇಳಿದರು. ಇರಬಹುದು. ಆದರೆ ಅಷ್ಟು ವರ್ಷ ತಡೆದು ನಿಲ್ಲಿಸಿದವರು ಬಾಗಿಲು ತೆರೆಯುವಾಗ ರಿಯಾಯಿತಿ ಕೊಡುವುದು ನ್ಯಾಯವಾಗಿತ್ತೆಂದು ನನಗೆ ಈಗಲೂ ಅನ್ನಿಸುತ್ತದೆ.

ಕಾಗದಪತ್ರದ ಕೆಲಸಗಳಲ್ಲಿ ಹೆಚ್ಚಿನವು ಸುಲಭವಾಗಿದ್ದವು. ಕ್ಲಿನಿಕ್ಕಿನಲ್ಲಿ ಕಣ್ಣಿನ ಪರೀಕ್ಷೆ ಮತ್ತು ರಕ್ತದ ಗುಂಪು ಹತ್ತು ನಿಮಿಷದ ಕೆಲಸ; ವರದಿ ಕಂಪ್ಯೂಟರಿನ ಮೂಲಕವೇ ಮುರೂರ್, ಅಂದರೆ ಸಂಚಾರ ಇಲಾಖೆ, ತಲುಪುತ್ತದೆ. ಸರಕಾರದ ಅಬ್ಶರ್ ಆ್ಯಪಿನಲ್ಲಿ ನನ್ನದೇ ಖಾತೆ ತೆರೆದೆ. 2006ರಲ್ಲಿ ನಾನು ಬಂದಾಗ ಊರಿಗೆ ಹೋಗಿಬರುವ ಎಕ್ಸಿಟ್ ರೀ-ಎಂಟ್ರಿಗೆ ಕೂಡ ಹಸಿರು ಫೈಲು ಹಿಡಿದು ಜವಾಝಾತ್, ಅಂದರೆ ಪಾಸ್‌ಪೋರ್ಟ್ ಇಲಾಖೆಯ, ಕಚೇರಿಯ ಬಾಗಿಲಲ್ಲಿ ಸುಬಹಿ ನಮಾಜಿನ ಹೊತ್ತಿನಿಂದಲೇ ಗಂಡಸರು ಸಾಲು ನಿಲ್ಲುತ್ತಿದ್ದರು. ಈಗ ಅದೆಲ್ಲ ಅಂಗೈಯಲ್ಲಿದೆ. ಸುಧಾರಣೆಯೆಂದರೆ ಸಿನಿಮಾ, ಸಂಗೀತ ಕಾರ್ಯಕ್ರಮ ಎಂದು ಹೊರಗಿನವರು ಬರೆಯುತ್ತಾರೆ. ನಮ್ಮಂಥವರಿಗೆ ಸಾಲು ತಪ್ಪಿದ್ದೇ ದೊಡ್ಡ ಸುಧಾರಣೆ.

ಆದರೂ ಒಂದು ಕಚೇರಿಯಲ್ಲಿ ಎಡವಿದೆ. ಭಾರತದ ಲೈಸೆನ್ಸನ್ನು ಅರಬ್ಬಿಗೆ ಅನುವಾದ ಮಾಡಿಸಿ ಕೊಟ್ಟಿದ್ದೆ. ಅದರಲ್ಲಿ ನನ್ನ ಹೆಸರಿನ ಒಂದು ಅಕ್ಷರ ಇಕಾಮಾದ ಹೆಸರಿಗೆ ಹೊಂದಿರಲಿಲ್ಲ. ಕಿಟಕಿಯ ಹಿಂದಿದ್ದ ಗುಮಾಸ್ತ ಕಾಗದವನ್ನು ಮಡಚಿ ಹೊರಗೆ ತಳ್ಳಿ, 'ಗಂಡನ ಒಪ್ಪಿಗೆ ಪತ್ರ ಎಲ್ಲಿ?' ಎಂದ. ಗಂಡಸು ಪೋಷಕನ ಒಪ್ಪಿಗೆ ಬೇಕಿಲ್ಲವೆಂದು ಸರಕಾರವೇ ಸ್ಪಷ್ಟವಾಗಿ ಹೇಳಿ ಒಂದು ವರ್ಷವೇ ದಾಟಿತ್ತು. ನಾನು ಅದನ್ನು ಹೇಳಿದೆ. ಆತ ನನ್ನ ಮಾತನ್ನು ಕೇಳಿಸಿಕೊಂಡು, ನನ್ನ ಹತ್ತಿರವೇ ನನ್ನವರ ನಂಬರ್ ಪಡೆದು, ನನ್ನೆದುರಿಗೇ ಜುಬೈಲಿಗೆ ಫೋನ್ ಮಾಡಿ, ಅವರೊಂದಿಗೆ ಅರ್ಧ ಹಿಂದಿ ಅರ್ಧ ಅರಬ್ಬಿಯಲ್ಲಿ ಮಾತನಾಡಿ ಮುಗಿಸಿದ. ಆಮೇಲೆ ನನ್ನತ್ತ ನೋಡದೆಯೇ 'ಖಲಾಸ್, ಬುಕ್ರಾ' ಎಂದ. ಮುಗಿಯಿತು, ನಾಳೆ ಬಾ. ಆತನ ದನಿಯಲ್ಲಿ ಒರಟುತನವಿರಲಿಲ್ಲ, ಅಸಭ್ಯತೆಯೂ ಇರಲಿಲ್ಲ. ಅರಮನೆಯ ಆಜ್ಞೆ ಒಂದು ರಾತ್ರಿಯಲ್ಲಿ ಕಾನೂನನ್ನು ಬದಲಿಸಿತ್ತು. ಕಿಟಕಿಯ ಹಿಂದಿನ ಕೈಗೆ ಮಾತ್ರ ಹಳೆಯ ಅಭ್ಯಾಸವೇ ಇತ್ತು, ನನ್ನ ಎಡಗಾಲಿಗೆ ಇದ್ದ ಹಾಗೆ. 'ಬುಕ್ರಾ' ಮೂರು ಸಲ ಬಂದ ಮೇಲೆ ಅನುವಾದ ತಿದ್ದಿಸಿ ಕೊಟ್ಟೆ, ಕೆಲಸವಾಯಿತು.

ಶಾಲೆಯ ಗೇಟಿನಿಂದಾಚೆಗೆ ಗಂಡಸರಿಗೆ ಪ್ರವೇಶವಿರಲಿಲ್ಲ. ಕಲಿಸುವ ಮುದರ್ರಿಬಾಗಳು, ಕಚೇರಿಯ ನೌಕರರು, ಪೊಲೀಸ್ ಇಲಾಖೆಯ ಪರೀಕ್ಷಕರು ಎಲ್ಲರೂ ಹೆಂಗಸರು. ಬಾಗಿಲಲ್ಲಿ ದೊರೆಯ ಮತ್ತು ಯುವರಾಜರ ದೊಡ್ಡ ಭಾವಚಿತ್ರಗಳಿದ್ದವು. ಒಳಗೆ ಬಂದೊಡನೆ ನಿಖಾಬುಗಳು ಮೇಲೆ ಸರಿಯುತ್ತಿದ್ದವು, ಥರ್ಮಾಸಿನಿಂದ ಏಲಕ್ಕಿ ಹಾಕಿದ ಹಳದಿ ಗಾವಾ, ಅಂದರೆ ಅರಬ್ಬಿ ಕಾಫಿ, ಬಗ್ಗಿಸುತ್ತಿದ್ದರು, ಖರ್ಜೂರದ ಡಬ್ಬಿ ಕೈಯಿಂದ ಕೈಗೆ ಹೋಗುತ್ತಿತ್ತು. ಹೆಂಗಸರು ಸೇರುವ ಮೈಲಾಂಜಿ, ಅಂದರೆ ಮೆಹಂದಿ, ಮನೆಯ ಹಾಗಿತ್ತು ಆ ತರಗತಿ. ಅರಬರಲ್ಲಿ ತಾಯಿಯನ್ನು ಮೊದಲ ಮಗನ ಹೆಸರು ಹಿಡಿದು, ಇಂಥವನ ಉಮ್ಮ ಎಂದು ಕರೆಯುವುದು ಗೌರವ. ನನ್ನನ್ನೂ ಹಾಗೆಯೇ ಕರೆದರು. ಬ್ಯಾರಿ ಭಾಷೆಯಲ್ಲಿ ತಾಯಿಗೆ ಉಮ್ಮ ಎಂದೇ ಹೇಳುವುದರಿಂದ ಮನೆಯಲ್ಲೇ ಯಾರೋ ಕರೆದಂತೆ ತಿರುಗಿ ನೋಡುತ್ತಿದ್ದೆ.

ಮೊದಲ ಆರು ಗಂಟೆ ಸಂಚಾರ ನಿಯಮದ ಪಾಠ, ಆಮೇಲೆ ಸಿಮ್ಯುಲೇಟರ್, ಆಮೇಲೆ ಆವರಣದೊಳಗಿನ ಟ್ರ್ಯಾಕು, ಕೊನೆಗೆ ರಸ್ತೆ. ನನ್ನ ಮುದರ್ರಿಬಾಗೆ ಮೂವತ್ತು ವರ್ಷವೂ ಆಗಿರಲಿಲ್ಲ. 2005ರಲ್ಲಿ ಶುರುವಾದ ದೊರೆ ಅಬ್ದುಲ್ಲಾ ವಿದ್ಯಾರ್ಥಿವೇತನದಲ್ಲಿ ಅಮೆರಿಕಕ್ಕೆ ಓದಲು ಹೋಗಿ ಅಲ್ಲಿ ಕಾರು ಕಲಿತವರು. ಮರಳಿ ಬಂದ ಮೇಲೆ ಐದು ವರ್ಷ ಆ ಲೈಸೆನ್ಸನ್ನು ಪರ್ಸಿನಲ್ಲಿ ಇಟ್ಟುಕೊಂಡೇ ಹಿಂದಿನ ಸೀಟಿನಲ್ಲಿ ಓಡಾಡಿದವರು. ಅವರು ಮೊದಲು ಕಲಿಸಿದ್ದು ಸ್ಟಿಯರಿಂಗ್ ಅಲ್ಲ, ಅಬಾಯಾ. ಬಲಗಡೆಯ ಅಂಚನ್ನು ತೊಡೆಯ ಕೆಳಗೆ ಸೇರಿಸಬೇಕು, ಎಡಗಡೆಯ ಅಂಚನ್ನು ಮಡಿಲಿಗೆ ಎಳೆದುಕೊಂಡ ಮೇಲೆಯೇ ಬಾಗಿಲು ಹಾಕಬೇಕು, ಇಲ್ಲವಾದರೆ ಅದು ಹೊರಗೆ ನೇತಾಡಿ ಚಕ್ರದತ್ತ ಹೋಗುತ್ತದೆ. ಪೆಡಲಿನ ಮೇಲೆ ಬಟ್ಟೆ ಇಳಿಯದಂತೆ ಪಾದ ಕಾಣುವಷ್ಟು ಮೇಲೆತ್ತಬೇಕು. ಹಿಮ್ಮಡಿ ಎತ್ತರದ ಚಪ್ಪಲಿ ಕೂಡದು. ಯಾವ ದೇಶದ ಚಾಲನಾ ಪುಸ್ತಕದಲ್ಲೂ ಇಲ್ಲದ ಈ ಪಾಠವನ್ನು ಅವರು ನಾಲ್ಕು ಸಲ ಮಾಡಿಸಿದರು. ಬಟ್ಟೆಯನ್ನು ಬಿಡಬೇಕಿಲ್ಲ, ಕಾರನ್ನೂ ಬಿಡಬೇಕಿಲ್ಲ, ಎರಡನ್ನೂ ಸರಿಯಾಗಿ ಮಡಚಿಟ್ಟುಕೊಳ್ಳಲು ಬಂದರೆ ಸಾಕು ಎಂಬಂತಿತ್ತು ಅವರ ರೀತಿ.

ದುವಾರ್, ಅಂದರೆ ರಸ್ತೆಗಳು ಕೂಡುವಲ್ಲಿಯ ವೃತ್ತ, ನನ್ನನ್ನು ಬಹಳ ಕಾಡಿತು. ಊರಿನಲ್ಲಿ ನಾವು ಸುತ್ತುವ ದಿಕ್ಕಿಗೆ ವಿರುದ್ಧವಾಗಿ ಇಲ್ಲಿ ಸುತ್ತಬೇಕು. ಎಡಗಡೆಯಿಂದ ಬರುವ ವಾಹನವನ್ನು ನೋಡಬೇಕಾದಲ್ಲಿ ನನ್ನ ಕತ್ತು ಬಲಕ್ಕೆ ತಿರುಗುತ್ತಿತ್ತು. ಮುದರ್ರಿಬಾ 'ಯಸಾರ್, ಯಸಾರ್' ಎಂದು ಎಡಕ್ಕೆ ಬೆರಳು ತೋರಿಸುತ್ತ, ತಮ್ಮ ಕಡೆಯ ಹೆಚ್ಚುವರಿ ಬ್ರೇಕನ್ನು ಒತ್ತಿ ಒತ್ತಿ, ಒಮ್ಮೆ ನಗು ತಡೆಯಲಾರದೆ, 2013ರಲ್ಲಿ ತಮ್ಮ ದೇಶದ ಧರ್ಮಪಂಡಿತರೊಬ್ಬರು ಕಾರು ಓಡಿಸಿದರೆ ಹೆಂಗಸರ ಅಂಡಾಶಯಕ್ಕೆ ಹಾನಿ ಎಂದು ಹೇಳಿದ್ದನ್ನು ನೆನಪಿಸಿಕೊಂಡರು. 'ನಿಮ್ಮಿಂದ ಹಾನಿಯಾಗುವುದು ನನ್ನ ಹೃದಯಕ್ಕೆ' ಎಂದರು.

ನಮ್ಮ ತರಗತಿಯಲ್ಲಿ ಅಲ್-ಅಹ್ಸಾ ಕಡೆಯ ಒಬ್ಬ ಹೆಂಗಸು ಇದ್ದರು, ಐವತ್ತು ದಾಟಿದವರು, ಮೊಮ್ಮಕ್ಕಳನ್ನು ಕಂಡವರು. ಎಲ್ಲರೂ ಸಿಮ್ಯುಲೇಟರಿನಲ್ಲಿ ಗೋಡೆಗೆ ಗುದ್ದುತ್ತಿದ್ದಾಗ ಅವರು ಮಾತ್ರ ನಿರಾಳವಾಗಿ ಓಡಿಸಿದರು. ಎಲ್ಲಿ ಕಲಿತಿರೆಂದು ಕೇಳಿದರೆ, 'ನನ್ನ ಅಜ್ಜಿ ವನೈತ್ ಓಡಿಸುತ್ತಿದ್ದಳು, ಅವಳ ಪಕ್ಕದಲ್ಲಿ ಕುಳಿತು' ಎಂದರು. ವನೈತ್ ಎಂದರೆ ಸೌದಿಗಳ ಮಾತಿನಲ್ಲಿ ಪಿಕಪ್ ಗಾಡಿ. ಮರಳುಗಾಡಿನ ಬದೂ ಹೆಂಗಸರು ಕುರಿಗಳಿಗೆ ನೀರು, ಮೇವು ಸಾಗಿಸಲು ದಶಕಗಳಿಂದ ಪಿಕಪ್ ಓಡಿಸುತ್ತಲೇ ಇದ್ದರಂತೆ, ಅದಕ್ಕೂ ಹಿಂದೆ ಒಂಟೆ ಏರುತ್ತಿದ್ದರು. ಟಾರು ರಸ್ತೆ ಮುಟ್ಟದವರೆಗೆ ಯಾರೂ ತಡೆಯುತ್ತಿರಲಿಲ್ಲ. ನಮ್ಮ ತರಗತಿಯಿಂದ ಕೆಲವೇ ಮೈಲಿ ದೂರದಲ್ಲಿರುವ ದಹ್ರಾನಿನ ಅರಾಮ್ಕೋ ತೈಲ ಕಂಪನಿಯ ಕಾಲೊನಿಯಲ್ಲೂ ಬೇಲಿಯೊಳಗೆ ಹೆಂಗಸರು ಕಾರು ಬಿಡುತ್ತಿದ್ದರು. ಗೇಟಿಗೆ ಬಂದೊಡನೆ ಸೀಟು ಬದಲಿಸಿ ಗಂಡನ ಕೈಗೆ ಸ್ಟಿಯರಿಂಗ್ ಕೊಡುತ್ತಿದ್ದರು. ಇನ್ನೊಂದೆಡೆ ಸಮುದ್ರದ ಮೇಲಿನ 25 ಕಿಲೋಮೀಟರ್ ಸೇತುವೆ ದಾಟಿದರೆ ಬಹರೈನ್, ಅಲ್ಲಿಯೂ ಅಡ್ಡಿಯಿರಲಿಲ್ಲ.

ಹಾಗಾದರೆ ಸಂಪ್ರದಾಯ ಎಂದು ನಾನು ಉಮ್ಮನಿಗೆ ಹೇಳಿದ್ದು ಯಾವುದನ್ನು? 1990ರ ನವೆಂಬರ್ 6ರಂದು, ಕುವೈತ್ ಯುದ್ಧದ ಹೊಸ್ತಿಲಲ್ಲಿ, 47 ಹೆಂಗಸರು ರಿಯಾದಿನ ಬೀದಿಗಳಲ್ಲಿ ಸಾಲಾಗಿ ಕಾರು ಓಡಿಸಿದರು. ಕುವೈತಿನಿಂದ ಓಡಿಬಂದ ಹೆಂಗಸರೂ ಅಮೆರಿಕದ ಸೈನ್ಯದ ಹೆಂಗಸರೂ ಸ್ಟಿಯರಿಂಗ್ ಹಿಡಿದದ್ದನ್ನು ಅವರು ಕಂಡಿದ್ದರು. ಅವರನ್ನು ಹಿಡಿದು ಕೂಡಿಹಾಕಿದ ಮೇಲೆ, ಅದೇ ತಿಂಗಳು, ಅಲ್ಲಿಯವರೆಗೆ ರೂಢಿಯಲ್ಲಷ್ಟೇ ಇದ್ದ ನಿಷೇಧವನ್ನು ಒಳಾಡಳಿತ ಸಚಿವಾಲಯ ಬರಹದಲ್ಲಿ ಹೊರಡಿಸಿತು, ಫತ್ವಾ ಅದರ ಬೆನ್ನಿಗೆ ನಿಂತಿತು. ಆಗ ನಾನು ಬಂಟ್ವಾಳದ ಶಾಲೆಯಲ್ಲಿ ಏಳನೆಯ ತರಗತಿಯಲ್ಲಿದ್ದೆ. ಲಿಖಿತ ನಿಷೇಧ ವಯಸ್ಸಿನಲ್ಲಿ ನನಗಿಂತ ಹನ್ನೆರಡು ವರ್ಷ ಚಿಕ್ಕದು.

ನಮ್ಮ ಮನೆಯ ಕಥೆಯೂ ಬೇರೆಯಲ್ಲ. ನನ್ನ ಅಜ್ಜಿ ಕೊನೆಯವರೆಗೂ ಸೀರೆಯುಟ್ಟು ಸೆರಗನ್ನು ತಲೆಗೆ ಹೊದ್ದು ಗದ್ದೆಗೆ ಇಳಿದವರು. ನಮ್ಮ ಮನೆಗೆ ಮೊದಲ ಕರಿಯ ಬುರ್ಖಾ ಬಂದದ್ದು ಮಾಮ ಗಲ್ಫಿನಿಂದ ತಂದ ಪೆಟ್ಟಿಗೆಯಲ್ಲಿ, ಟೇಪ್‌ರೆಕಾರ್ಡರ್ ಮತ್ತು ಟ್ಯಾಂಗ್ ಡಬ್ಬಿಯ ನಡುವೆ. ಈಗ ಅದನ್ನೇ ನಮ್ಮ ಹಳೆಯ ಪದ್ಧತಿ ಎಂದು ನನ್ನ ಮೈದುನನ ಮಕ್ಕಳಿಗೆ ಹೇಳಿಕೊಡುತ್ತಾರೆ. ಬುರ್ಖಾ ತಪ್ಪೆಂದು ನಾನು ಹೇಳುತ್ತಿಲ್ಲ, ಇಂದಿಗೂ ತೊಡುತ್ತೇನೆ. ಹಳೆಯದೆನ್ನುವ ಮಾತಿಗಷ್ಟೇ ನನ್ನ ತಕರಾರು.

ಆ ಪೆಟ್ಟಿಗೆಯನ್ನು ತುಂಬಿಸಿದ್ದು ಎಣ್ಣೆ, ಈ ನಿಷೇಧವನ್ನು ಸಾಕಿದ್ದೂ ಎಣ್ಣೆಯೇ ಎಂದು ನನಗೆ ಕಾಣುತ್ತದೆ. ದಹ್ರಾನಿನಲ್ಲಿ 1938ರ ಮಾರ್ಚಿನಲ್ಲಿ ದಮ್ಮಾಮ್ 7 ಎಂಬ ಬಾವಿ ಚಿಮ್ಮಿದಂದಿನಿಂದ ಬಂದ ದುಡ್ಡಿಲ್ಲದಿದ್ದರೆ, ಒಂದು ದೇಶ ತನ್ನ ಅರ್ಧ ಜನಕ್ಕೆ ಕಾರು ಮುಟ್ಟಬೇಡವೆಂದು ಹೇಳಿ, ಅವರನ್ನು ಹೊತ್ತುತಿರುಗಲು ಕೇರಳದಿಂದ, ಕರಾವಳಿಯಿಂದ, ಬಂಗ್ಲಾದೇಶದಿಂದ, ಇಂಡೋನೇಷ್ಯಾದಿಂದ ಡ್ರೈವರುಗಳನ್ನು ತರಿಸಿ ಸಂಬಳ ಕೊಡಲು ಸಾಧ್ಯವಿತ್ತೇ? ನಿಷೇಧ ತೆರವಾಗುವ ಹೊತ್ತಿಗೆ ಅಂಥ ಮನೆ ಡ್ರೈವರುಗಳ ಸಂಖ್ಯೆ ಹತ್ತು ಲಕ್ಷ ಮೀರಿತ್ತು. ಬಡ ದೇಶ ಇಂಥ ಸಂಪ್ರದಾಯವನ್ನು ಸಾಕಲಾರದು. 2014ರ ನಡುಭಾಗದಲ್ಲಿ ಬ್ಯಾರೆಲ್ಲಿಗೆ 100 ಡಾಲರ್ ಮೇಲಿದ್ದ ಕಚ್ಚಾತೈಲ 2016ರ ಜನವರಿಯಲ್ಲಿ 30 ಡಾಲರಿಗಿಂತ ಕೆಳಗೆ ಬಿತ್ತು. ಅದೇ ಏಪ್ರಿಲಿನಲ್ಲಿ 'ವಿಷನ್ 2030' ಬಂತು. ಎಣ್ಣೆಯ ಹೊರತಾದ ಬದುಕನ್ನು ಕಟ್ಟಬೇಕು, ಹೆಂಗಸರು ದುಡಿಯಬೇಕು ಎಂದಿತು. ಸರಕಾರಿ ನೌಕರರ ಸಂಬಳವನ್ನೂ ಅದೇ ವರ್ಷ ಚಾಂದ್ರಮಾನದ ಹಿಜರಿ ತಿಂಗಳಿನಿಂದ ಇಂಗ್ಲಿಷ್ ತಿಂಗಳಿಗೆ ಬದಲಿಸಿದರು, ವರ್ಷಕ್ಕೆ ಹನ್ನೊಂದು ದಿನದ ಸಂಬಳ ಉಳಿಯಿತು. ದೇವರ ಆಜ್ಞೆ ಎನ್ನಿಸಿದ್ದು ಲೆಕ್ಕಪುಸ್ತಕದ ಮುಂದೆ ಎಷ್ಟು ಬೇಗ ಸಡಿಲಾಗುತ್ತದೆ! 2017ರ ರಾಜಾಜ್ಞೆಯಲ್ಲೂ ಹಿರಿಯ ಉಲಮಾಗಳ, ಅಂದರೆ ಧರ್ಮಪಂಡಿತರ, ಮಂಡಳಿಯ ಬಹುಮತಕ್ಕೆ ಆಕ್ಷೇಪವಿಲ್ಲವೆಂದು ಬರೆಯಲಾಗಿತ್ತು.

ಮೂವತ್ತು ಗಂಟೆಗಳಲ್ಲಿ ಆ ತರಗತಿಯಲ್ಲಿ ಎಲ್ಲ ಮಾತೂ ಬಂತು. ಸೊಸೆಯಂದಿರು, ಸಾಲ, ಹೊಸ ಸಿನಿಮಾ ಮಂದಿರ, ಗಂಡಂದಿರ ಗೊರಕೆ. ಬಾರದೇ ಹೋದದ್ದು ಒಂದೇ. 2011ರಲ್ಲಿ, ನಮ್ಮ ಪಕ್ಕದ ಅಲ್-ಖೋಬರಿನಲ್ಲೇ ಕಾರು ಓಡಿಸಿ ವೀಡಿಯೋ ಹಾಕಿ ಜೈಲಿಗೆ ಹೋದ ಮನಾಲ್ ಅಲ್-ಶರೀಫ್ ಹೆಸರನ್ನು ಯಾರೂ ಎತ್ತಲಿಲ್ಲ. ನಿಷೇಧ ತೆರವಾಗುವುದಕ್ಕೆ ಕೆಲವೇ ವಾರ ಮೊದಲು, 2018ರ ಮೇ ತಿಂಗಳಲ್ಲಿ, ಅದಕ್ಕಾಗಿ ಹೋರಾಡಿದವರನ್ನೇ ಬಂಧಿಸಿದ್ದರು. ನಾವು ಸಿಮ್ಯುಲೇಟರಿನಲ್ಲಿ ಆಡುತ್ತಿದ್ದಾಗ ಅವರಲ್ಲೊಬ್ಬರಾದ ಲುಜೈನ್ ಅಲ್-ಹಥ್ಲೂಲ್ ಇನ್ನೂ ಸೆರೆಯಲ್ಲೇ ಇದ್ದರು, ಹೊರಬಂದದ್ದು 2021ರ ಫೆಬ್ರವರಿಯಲ್ಲಿ. ಒಮ್ಮೆ ಗಾವಾದ ವೇಳೆ ನಾನು, ಪರದೇಶದವಳ ಮೊಂಡುತನದಿಂದ, 'ಮೊದಲು ಕೇಳಿದವರು...' ಎಂದು ಶುರುಮಾಡಿದೆ. ಅಲ್-ಅಹ್ಸಾದ ಹಿರಿಯರು ನನ್ನ ಲೋಟಕ್ಕೆ ಮತ್ತೆ ಗಾವಾ ಬಗ್ಗಿಸಿದರು. ಸಾಕು ಎಂದು ಹೇಳಬೇಕಾದರೆ ಅಲ್ಲಿ ಲೋಟವನ್ನು ಅಲುಗಿಸಬೇಕು. ನಾನು ಅಲುಗಿಸಿದೆ. ಅವರು ನನ್ನ ಕೈಯ ಮೇಲೆ ಒಂದು ಕ್ಷಣ ಕೈಯಿಟ್ಟು ಎದ್ದುಹೋದರು.

ಟ್ರ್ಯಾಕಿನ ಪರೀಕ್ಷೆಯಲ್ಲಿ ಮೊದಲ ಸಲ ನಪಾಸಾದೆ. ಕಂಪ್ಯೂಟರಿನ ನಿಯಮ ಪರೀಕ್ಷೆ ಇಂಗ್ಲಿಷಿನಲ್ಲಿ ಸುಲಭವಾಗಿ ಮುಗಿದಿತ್ತು. ಹಿಂದಕ್ಕೆ ಬಂದು ನಿಲ್ಲಿಸುವಾಗ ಹಿಂದಿನ ಚಕ್ರ ಹಳದಿ ಗೆರೆಯನ್ನು ಮುಟ್ಟಿತು. ಸಮವಸ್ತ್ರದ ಪರೀಕ್ಷಕಿ ಏನೂ ಹೇಳದೆ ಕಾಗದ ಮಡಚಿದರು. ಆ ಸಂಜೆ ಕಾಕನಿಗೆ ಫೋನ್ ಮಾಡಿದೆ. ಕಾಕ ವಿಟ್ಲದ ಕಡೆಯವರು, ಇಪ್ಪತ್ತೆರಡು ವರ್ಷದಿಂದ ಖೋಬರಿನ ಒಂದೇ ಸೌದಿ ಮನೆಯಲ್ಲಿ ಹೌಸ್ ಡ್ರೈವರ್. ಆ ಮನೆಯ ಮೂವರು ಹೆಣ್ಣುಮಕ್ಕಳನ್ನು ಅಂಗನವಾಡಿಯಿಂದ ವಿಶ್ವವಿದ್ಯಾಲಯದವರೆಗೆ ಹೊತ್ತುತಂದವರು. ಶುಕ್ರವಾರ ಜುಮಾ ಮುಗಿದ ಮೇಲೆ ಅವರು ನಮ್ಮ ಹಳೆಯ ಕೊರೊಲಾದಲ್ಲಿ, ಖಾಲಿ ಮೈದಾನದಲ್ಲಿ ಎರಡು ನೀರಿನ ಕ್ಯಾನುಗಳನ್ನು ನಿಲ್ಲಿಸಿ, 'ಹಿಂದೆ ನೋಡಬೇಡ ಮೋಳೆ, ಕನ್ನಡಿ ನೋಡು. ಕನ್ನಡಿಯಲ್ಲಿ ಕ್ಯಾನು ಅರ್ಧ ಮರೆಯಾದಾಗ ಪೂರ್ತಿ ತಿರುಗಿಸು' ಎಂದು ಎರಡು ಗಂಟೆ ಮಾಡಿಸಿದರು. ಆ ಮನೆಯ ದೊಡ್ಡ ಹುಡುಗಿಗೂ ಹೀಗೆಯೇ ಕಳೆದ ತಿಂಗಳು ಹೇಳಿಕೊಟ್ಟೆ ಎಂದರು. 'ಅವಳು ಕಲಿತಳಲ್ಲ, ಹಾಗಾದರೆ ನೀವು?' ಎಂದು ನಾನು ಕೇಳಬಾರದಿತ್ತು, ಕೇಳಿದೆ. 'ಇನ್ನಿಬ್ಬರು ಇದ್ದಾರಲ್ಲ' ಎಂದು ನಕ್ಕರು. ಮುಂದಿನ ವರ್ಷ ಕೊರೊನಾ ಬಂದಾಗ ಕಫೀಲ್, ಅಂದರೆ ಅವರ ವೀಸಾದ ಹೊಣೆ ಹೊತ್ತ ಯಜಮಾನ, ಅವರಿಗೆ ಊರಿಗೆ ಕಾಯಂ ಆಗಿ ಕಳಿಸುವ ಫೈನಲ್ ಎಕ್ಸಿಟ್ ಹೊಡೆಸಿದ. ವಿಮಾನ ನಿಲ್ದಾಣಕ್ಕೆ ಅವರನ್ನು ಬಿಟ್ಟುಬಂದದ್ದು ಅದೇ ದೊಡ್ಡ ಹುಡುಗಿ. ದಾರಿಯುದ್ದಕ್ಕೂ ಅತ್ತಳಂತೆ, ಅವಳ ಬ್ರೇಕು ಮಾತ್ರ ಬಹಳ ಮೆತ್ತಗಿತ್ತಂತೆ.

ಎರಡನೆಯ ಸಲ ಪಾಸಾದೆ. ಹತ್ತು ವರ್ಷದ ಲೈಸೆನ್ಸಿಗೆ 400 ರಿಯಾಲನ್ನು ಬ್ಯಾಂಕ್ ಆ್ಯಪಿನಲ್ಲಿ ಕಟ್ಟಿದ ಸ್ವಲ್ಪ ಹೊತ್ತಿಗೆ ಕಾರ್ಡು ಕೈಗೆ ಬಂತು. ಅಲ್ಲಿಯವರು ಅದಕ್ಕೆ ರುಖ್ಸಾ ಎನ್ನುತ್ತಾರೆ. ಪದದ ಅರ್ಥ ಅನುಮತಿ. ಮುದರ್ರಿಬಾ ಎಲ್ಲರಂತೆ ನನಗೂ ಬಾಯಿಯಲ್ಲಿ ಝಗ್ರೂತ ಊದಿದರು, ಮದುವೆಮನೆಯಲ್ಲಿ ಅರಬ್ ಹೆಂಗಸರು ನಾಲಿಗೆ ಆಡಿಸಿ ಹೊರಡಿಸುವ ಆ ಉದ್ದನೆಯ ಕೂಗು.

ಮೊದಲ ಪಯಣಕ್ಕೆ ಖತೀಫಿನ ಮೀನು ಮಾರುಕಟ್ಟೆಯನ್ನು ಆರಿಸಿಕೊಂಡೆ, ಶುಕ್ರವಾರ ಬೆಳಗಾಗುವ ಮೊದಲು ರಸ್ತೆ ಖಾಲಿಯಿರುತ್ತದೆಂದು. ನನ್ನವರು ಪಕ್ಕದಲ್ಲಿ ಮೇಲಿನ ಹಿಡಿಕೆಯನ್ನು ಬಿಡದೆ ಹಿಡಿದಿದ್ದರು. ಅಲ್ಲಿ ಕನಅದ್ ಎನ್ನುವ ಅಂಜಲ್ ಮೀನನ್ನು ಕೊಂಡು, ತುಂಡು ಮಾಡಿಸಿ, ಕಾರಿನ ಹಿಂಭಾಗದಲ್ಲಿಟ್ಟು ಮರಳುವಾಗ ದೊಡ್ಡ ಪಿಕಪ್ ಒಂದು ಹಿಂದೆಯೇ ಅಂಟಿಕೊಂಡು ದೀಪ ಮಿನುಗಿಸಿತು. ನನ್ನವರು 'ಎಡಗಡೆಯ ಲೇನ್ ಬಿಡು' ಎಂದರು. ಬಿಟ್ಟೆ. ದಾಟಿಹೋಗುವಾಗ ಅದರೊಳಗಿನ ಹುಡುಗ ನನ್ನ ಕಡೆ ನೋಡಿ, ಹೆಂಗಸೆಂದು ತಿಳಿದೊಡನೆ ಮುಖ ತಿರುಗಿಸಿ ವೇಗ ತಗ್ಗಿಸಿದ. ಅದು ನಾಚಿಕೆಯೋ ಮರ್ಯಾದೆಯೋ ನನಗೆ ತಿಳಿಯದು. ಮುಂದೆ ಎರಡು ಮೂರು ವರ್ಷಗಳಲ್ಲಿ ಯಾರೂ ತಿರುಗಿ ನೋಡದಂತಾಯಿತು. ಸೂಪರ್‌ ಮಾರುಕಟ್ಟೆಯ ಕ್ಯಾಷ್ ಕೌಂಟರಿನಲ್ಲಿ ಸೌದಿ ಹುಡುಗಿಯರು ಕುಳಿತರು. 2017ರಲ್ಲಿ ದುಡಿಮೆಗಿಳಿದ ಸೌದಿ ಹೆಂಗಸರು ಐವರಲ್ಲಿ ಒಬ್ಬರೂ ಇರಲಿಲ್ಲ, 2022ರ ಹೊತ್ತಿಗೆ ಮೂವರಲ್ಲಿ ಒಬ್ಬರಾದರು. 2021ರ ನಂತರ ನಮಾಜಿನ ವೇಳೆಗೆ ಅಂಗಡಿಯ ಬಾಗಿಲು ಎಳೆಯುವುದೂ ಹೆಚ್ಚು ಕಡಿಮೆ ನಿಂತಿತು. ಮೊದಲೆಲ್ಲ ಆ ಇಪ್ಪತ್ತು ನಿಮಿಷ ಮುಚ್ಚಿದ ಬಾಗಿಲ ಮುಂದೆ ಗೊಣಗುತ್ತ ನಿಂತಿದ್ದವಳು ನಾನೇ. ಈಗ ಬಾಂಗಿನ ಹೊತ್ತಿಗೂ ಬಿಲ್ಲು ಹಾಕುವ ಯಂತ್ರದ ಸದ್ದು ಕೇಳಿದರೆ ಏನೋ ಕಳೆದಂತಾಗುತ್ತದೆ, ಇದನ್ನು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ.

2022ರ ರಜೆಗೆ ದಮ್ಮಾಮಿನಿಂದ ಮಂಗಳೂರಿಗೆ ಬಂದಿಳಿದೆವು. ನಮ್ಮನ್ನು ಕರೆದೊಯ್ಯಲು ಮೈದುನ ಹೊಸ ಕಾರು ತಂದಿದ್ದ. ಜಂಬ ತೋರಿಸಬೇಕೆಂಬ ಆಸೆ ನನಗಿತ್ತು, ಮುಚ್ಚಿಡುವುದೇಕೆ. 'ಮನೆಯವರೆಗೆ ನಾನು ಬಿಡುತ್ತೇನೆ, ಕೀ ಕೊಡು' ಎಂದೆ. 'ಅಯ್ಯೋ ಬಾಬಿ, ಊರಲ್ಲಿ ಜನ ನೋಡುತ್ತಾರೆ, ಅದೆಲ್ಲ ಸೌದಿಯಲ್ಲಿ ಇಟ್ಟುಕೊಳ್ಳಿ' ಎಂದು ಅವನು ನಕ್ಕ. ಬೆಂಗಳೂರಿನಲ್ಲಿ ಓದಿದ ಹುಡುಗ. ನನ್ನವರು ನಡುವೆ ಬಂದು, 'ಕೊಡು ಅವಳಿಗೆ, ನನಗಿಂತ ಚೆನ್ನಾಗಿ ಬಿಡುತ್ತಾಳೆ' ಎಂದ ಮೇಲೆ ಕೀ ನನ್ನ ಕೈಗೆ ಬಂತು. ನಾನು ಬುರ್ಖಾದ ಅಂಚನ್ನು ಒಟ್ಟುಮಾಡಿ, ನೇರವಾಗಿ ಹೋಗಿ, ಎಡಗಡೆಯ ಬಾಗಿಲನ್ನು ತೆರೆದು ಕುಳಿತು, ಬೆಲ್ಟು ಎಳೆದು ಹಾಕಿಕೊಂಡೆ. ಮುಂದೆ ಸ್ಟಿಯರಿಂಗ್ ಇರಲಿಲ್ಲ. ಮೈದುನ ನಾನು ಮನಸ್ಸು ಬದಲಿಸಿದೆನೆಂದು ತಿಳಿದು, ಬಲಗಡೆಯಿಂದ ಹತ್ತಿ ಕುಳಿತು, ಕೀಗಾಗಿ ಕೈ ಚಾಚಿದ.